ಕಾಯಬೇಕಾದವರು ಯಾರು?

ಯಾವುದೋ ದೇಶದಲ್ಲಿ ಸರ್ವಾಧಿಕಾರಿಯೊಬ್ಬ ಗದ್ದುಗೆ ಬಿಟ್ಟು ಓಡಿಹೋದನೆಂಬ ಸುದ್ದಿ ಬಂದಾಗ ನಮಗೆಲ್ಲ ಸಂತೋಷವಾಗುತ್ತದೆ. ರಾಜಧಾನಿಯ ಬೀದಿಗಳಲ್ಲಿ ಜನ ಕುಣಿದಾಡುವ ಚಿತ್ರ ನೋಡಿ, ‘ಅಂತೂ ಒಂದು ಪೀಡೆ ತೊಲಗಿತು’ ಎಂದುಕೊಂಡು, ಪತ್ರಿಕೆ ಮಡಿಸಿಟ್ಟು ಲೋಕಲ್ ಟ್ರೇನಿನ ಹೊತ್ತಾಯಿತೆಂದು ಹೊರಡುತ್ತೇವೆ. ಕ್ರಾಂತಿಯ ಕತೆ ನಮ್ಮ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಆದರೆ ಕುಣಿದವರು ದಣಿದು ಮನೆ ಸೇರಿದ ಮೇಲೆ, ರಾಜಧಾನಿಯಿಂದ ದೂರದ ಹಳ್ಳಿಯೊಂದರಲ್ಲಿ ರೈತ ತನ್ನ ಹೊಲದ ಬದುವಿನ ಮೇಲೆ ನಿಂತು ಕೇಳುವ ಪ್ರಶ್ನೆಯೊಂದಿದೆ: ‘ದೊರೆ ಹೋದ, ಸರಿ. ಈ ಹೊಲ ಈಗ ಯಾರದು?’ ಇದಕ್ಕೆ ಹೊಸ ಸರಕಾರಗಳು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ‘ಸ್ವಲ್ಪ ಕಾಯಪ್ಪಾ.’

ಈ ‘ಕಾಯಿರಿ’ ಎಂಬ ಮಾತನ್ನು ಕುರಿತು ನಾಲ್ಕು ಮಾತು ಬರೆಯುವುದು ನಮ್ಮ ಉದ್ದೇಶ. ತಾಳ್ಮೆ ದೊಡ್ಡ ಗುಣವೆಂಬುದರಲ್ಲಿ ಎರಡು ಮಾತಿಲ್ಲ. ‘ತಾಳಿದವನು ಬಾಳಿಯಾನು’ ಎಂದು ನಮ್ಮ ಹಿರಿಯರು ನಮಗೆ ಹೇಳಿದರು, ನಾವು ನಮ್ಮ ಮಕ್ಕಳಿಗೆ ಹೇಳುತ್ತಿದ್ದೇವೆ. ಆದರೆ ತಾಳ್ಮೆಯನ್ನು ತಾನು ಪಾಲಿಸುವುದು ಬೇರೆ, ಇನ್ನೊಬ್ಬನಿಗೆ ವಿಧಿಸುವುದು ಬೇರೆ. ಒಬ್ಬನ ಭೂಮಿ ಇನ್ನೊಬ್ಬನ ಕೈ ಸೇರಿದೆ ಎಂಬ ವ್ಯಾಜ್ಯವೆದ್ದಾಗ, ತೀರ್ಮಾನ ಹೊರಬೀಳುವ ತನಕ ಇಬ್ಬರಲ್ಲಿ ಒಬ್ಬರು ಹೊಲದ ಹೊರಗೆ ನಿಂತು ಕಾಯಲೇಬೇಕು. ಹಾಗೆ ಕಾಯಬೇಕಾದವರು ಯಾರು? ಈ ಪ್ರಶ್ನೆಯನ್ನು ಮೆಕ್ಸಿಕೊ ದೇಶದ ರೈತರು 1911ರಲ್ಲಿ ಕೇಳಿದಷ್ಟು ನೇರವಾಗಿ ಕೇಳಿದವರು ಕಡಿಮೆ. ಆದ್ದರಿಂದ ಅವರ ಕತೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ಮೆಕ್ಸಿಕೊವನ್ನು 1876ರಿಂದ 1911ರವರೆಗೆ ಆಳಿದವನು ಪೋರ್ಫಿರಿಯೊ ದಿಯಾಸ್. ನಡುವೆ ನಾಲ್ಕು ವರ್ಷ ತನ್ನ ಗೆಳೆಯನೊಬ್ಬನನ್ನು ಕುರ್ಚಿಯಲ್ಲಿ ಕೂರಿಸಿದ್ದುಂಟು. ಫ್ರೆಂಚರ ದಾಳಿಯ ವಿರುದ್ಧ ಹೋರಾಡಿ ಹೆಸರು ಗಳಿಸಿದ್ದ ಈ ಸೇನಾನಿ ಮೊದಲು ದಂಗೆಯೆದ್ದದ್ದೇ ‘ಅಧ್ಯಕ್ಷನಾದವನು ಮರಳಿ ಆರಿಸಿ ಬರಕೂಡದು’ ಎಂಬ ಘೋಷಣೆಯೊಂದಿಗೆ! ಇತಿಹಾಸಕ್ಕೂ ಒಂದು ಬಗೆಯ ವಿನೋದಪ್ರಜ್ಞೆ ಇದೆ ಎನ್ನಬೇಕು. ಅವನ ಆಳ್ವಿಕೆ ಶುರುವಾದಾಗ ದೇಶದಲ್ಲಿ ರೈಲುಹಾದಿ ಇದ್ದುದು ಸುಮಾರು 640 ಕಿಲೋಮೀಟರು. 1910ರ ಹೊತ್ತಿಗೆ ಅದು 19,000 ಕಿಲೋಮೀಟರು ದಾಟಿತ್ತು. ಗಣಿಗಳು ತೆರೆದುಕೊಂಡವು, ವಿದೇಶಿ ಬಂಡವಾಳ ಹರಿದುಬಂತು, ರಾಜಧಾನಿ ಪ್ಯಾರಿಸಿನಂತೆ ಸಿಂಗಾರಗೊಂಡಿತು. ಹೊರಗಿನಿಂದ ಬಂದ ಅತಿಥಿಗಳು ದಿಯಾಸನನ್ನು ಹೊಗಳಿದ್ದೇ ಹೊಗಳಿದ್ದು.

ಆದರೆ ರೈಲು ಹೋದಲ್ಲೆಲ್ಲ ಭೂಮಿಯ ಬೆಲೆ ಏರಿತು. ಬೆಲೆ ಏರಿದ ಭೂಮಿಯ ಮೇಲೆ ಬಲವುಳ್ಳವರ ಕಣ್ಣು ಬಿತ್ತು. 1883ರಲ್ಲಿ, ಮತ್ತೆ 1894ರಲ್ಲಿ ಬಂದ ಕಾನೂನುಗಳ ಪ್ರಕಾರ ಖಾಸಗಿ ಕಂಪನಿಗಳು ‘ಪಾಳುಭೂಮಿ’ಯನ್ನು ಅಳತೆ ಮಾಡಿ ಗುರುತಿಸಬಹುದು, ಅಳೆದುದರಲ್ಲಿ ಮೂರನೆಯ ಒಂದು ಪಾಲು ಕಂಪನಿಗೇ ಇನಾಮು. ಅಳೆಯುವವನಿಗೇ ಪಾಲು ಸಿಗುವುದಾದರೆ ಯಾವ ಹೊಲ ತಾನೇ ಪಾಳಾಗಿ ಕಾಣಿಸದು? ತಲೆತಲಾಂತರದಿಂದ ಹಳ್ಳಿಗರೆಲ್ಲ ಒಟ್ಟಾಗಿ ಅನುಭವಿಸಿಕೊಂಡು ಬಂದ ಹುಲ್ಲುಗಾವಲು, ಕಾಡು, ನೀರಿನ ಕಾಲುವೆಗಳು ಒಂದೊಂದಾಗಿ ‘ಹಸಿಯೆಂಡಾ’ ಎಂಬ ಬೃಹತ್ ಜಮೀನ್ದಾರಿಗಳೊಳಗೆ ಸೇರಿಹೋದವು. ಭೂಮಿ ಕಳೆದುಕೊಂಡವನು ಅದೇ ಹಸಿಯೆಂಡಾದಲ್ಲಿ ಕೂಲಿಯಾದ. ಧಣಿಯ ಅಂಗಡಿಯಲ್ಲೇ ಸಾಲದ ಮೇಲೆ ಜೋಳ, ಬಟ್ಟೆ ಕೊಂಡ. ಆ ಸಾಲ ಎಷ್ಟೋ ಕಡೆ ಅಪ್ಪನಿಂದ ಮಗನಿಗೆ ಇಳಿಯಿತು. ನಮ್ಮ ಕಡೆಯ ಜೀತವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಜಧಾನಿಯ ದಕ್ಷಿಣಕ್ಕಿರುವ ಮೊರೆಲೋಸ್ ಎಂಬ ಪುಟ್ಟ ಪ್ರಾಂತ ಕಬ್ಬಿನ ನಾಡು. ಅಲ್ಲಿ ಅನೆನೆಕುಯಿಲ್ಕೊ ಎಂಬ, ನಾನೂರು ಜನರೂ ಇರದ ಹಳ್ಳಿ. ಸ್ಪೇನಿನವರ ಕಾಲದಿಂದ ಕಾಪಾಡಿಕೊಂಡು ಬಂದ ಹಕ್ಕುಪತ್ರಗಳು ಆ ಹಳ್ಳಿಯ ಬಳಿ ಇದ್ದವು. 1909ರ ಸೆಪ್ಟೆಂಬರಿನಲ್ಲಿ ವಯಸ್ಸಾದ ಮುಖಂಡರು ‘ಇನ್ನು ನಮ್ಮ ಕೈಲಾಗದು’ ಎಂದು ಕೆಳಗಿಳಿದು, ಮೂವತ್ತು ವರ್ಷದ ತರುಣನೊಬ್ಬನನ್ನು ಹಳ್ಳಿಯ ಮುಖ್ಯಸ್ಥನನ್ನಾಗಿ ಆರಿಸಿದರು. ಅವನೇ ಎಮಿಲಿಯಾನೊ ಝಪಾಟಾ. ಕುದುರೆಗಳನ್ನು ಪಳಗಿಸುವುದರಲ್ಲಿ ನಿಸ್ಸೀಮ, ತಕ್ಕಮಟ್ಟಿಗೆ ಅನುಕೂಲವಂತ, ಹೆಚ್ಚು ಮಾತಿನವನಲ್ಲ. ಅಧಿಕಾರದ ಜತೆಗೆ ಅವನಿಗೆ ಸಿಕ್ಕಿದ ಆಸ್ತಿಯೆಂದರೆ ಆ ಹಳೆಯ ಕಾಗದಗಳ ಕಟ್ಟು. ಅವನು ಮೊದಲು ಮಾಡಿದ ಕೆಲಸ ಬಂದೂಕು ಹಿಡಿದದ್ದಲ್ಲ, ಆ ಕಾಗದಗಳನ್ನು ಬಿಡಿಸಿ ಕೂತು ನೋಡಿದ್ದು. ಈ ಸಂಗತಿಯನ್ನು ಓದುಗರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

1910ರ ಏಪ್ರಿಲಿನಲ್ಲಿ ಆ ಹಳ್ಳಿಯವರು ಪ್ರಾಂತದ ಗವರ್ನರನಿಗೆ ಒಂದು ಅರ್ಜಿ ಬರೆದರು. ‘ಮಳೆಗಾಲ ಹತ್ತಿರ ಬಂದಿದೆ. ಭೂಮಿ ಕೊನೆಗೆ ಯಾರದೆಂದು ತೀರ್ಮಾನವಾದರೂ ನಾವು ಒಪ್ಪಿಕೊಳ್ಳುತ್ತೇವೆ. ಈ ಸಲದ ಬಿತ್ತನೆಗೆ ಮಾತ್ರ ಅಡ್ಡಿಯಾಗದಂತೆ ನೋಡಿಕೊಳ್ಳಿ, ಬಿತ್ತಿದರೆ ಮಾತ್ರ ನಮ್ಮ ಹೆಂಡಿರು ಮಕ್ಕಳು ಬದುಕಿಯಾರು’ ಎಂಬುದು ಅದರ ಸಾರಾಂಶ. ಇದಕ್ಕಿಂತ ವಿನಯದ ಬೇಡಿಕೆ ಇನ್ನಾವುದಿದ್ದೀತು? ಅವರು ನ್ಯಾಯವನ್ನು ಮುಂದೂಡಲು ಸಿದ್ಧರಿದ್ದರು. ಬಿತ್ತನೆಯನ್ನು ಮುಂದೂಡಲು ಸಾಧ್ಯವಿರಲಿಲ್ಲ, ಏಕೆಂದರೆ ಮಳೆ ಯಾವ ಕಚೇರಿಯ ತಾರೀಕಿಗೂ ಕಾಯುವುದಿಲ್ಲ. ಸರಕಾರ ಹಸಿಯೆಂಡಾದ ಅಭಿಪ್ರಾಯ ಕೇಳಿತು. ‘ಅನೆನೆಕುಯಿಲ್ಕೊದವರಿಗೆ ಬೇಸಾಯ ಮಾಡಬೇಕೆನಿಸಿದರೆ ಹೂವಿನ ಕುಂಡದಲ್ಲಿ ಮಾಡಿಕೊಳ್ಳಲಿ’ ಎಂಬ ಅರ್ಥದ ಉತ್ತರ ಬಂತು. ಝಪಾಟಾ ಸುಮಾರು ಎಂಬತ್ತು ಮಂದಿಯನ್ನು ಆಯುಧಸಹಿತ ಕಟ್ಟಿಕೊಂಡು ಹೋಗಿ ಹೊಲಕ್ಕಿಳಿದ. ಬಿತ್ತನೆ ನಡೆಯಿತು.

ಅದೇ ವರ್ಷ ಉತ್ತರದ ಶ್ರೀಮಂತ ಜಮೀನ್ದಾರ ಮನೆತನದ ಫ್ರಾನ್ಸಿಸ್ಕೊ ಮದೆರೊ ದಿಯಾಸನ ವಿರುದ್ಧ ಚುನಾವಣೆಗೆ ನಿಂತು, ಸೆರೆಗೆ ಹೋಗಿ, ತಪ್ಪಿಸಿಕೊಂಡು, 1910ರ ನವೆಂಬರ್ 20ರಂದು ಜನ ದಂಗೆಯೇಳಬೇಕೆಂದು ಕರೆ ಕೊಟ್ಟ. ಅವನ ಘೋಷಣಾಪತ್ರದಲ್ಲಿ ಹೆಚ್ಚಿನ ಮಾತೆಲ್ಲ ಮತದಾನದ ಶುದ್ಧಿಯನ್ನು ಕುರಿತದ್ದು. ಮೂರನೆಯ ಕಲಮಿನ ನಡುವೆ ಮಾತ್ರ, ಪಾಳುಭೂಮಿ ಕಾನೂನಿನ ದುರುಪಯೋಗದಿಂದ ಕಳೆದುಹೋದ ಭೂಮಿಯನ್ನು ಮೊದಲಿನವರಿಗೆ ಹಿಂತಿರುಗಿಸುವ ಭರವಸೆಯಿತ್ತು. ಮೊರೆಲೋಸಿನ ರೈತರು ಆ ಕಲಮನ್ನು ಓದಿಯೇ ಕ್ರಾಂತಿಗೆ ಇಳಿದರು ಎನ್ನಬಹುದು. ಆರೇ ತಿಂಗಳಲ್ಲಿ, 1911ರ ಮೇ 25ರಂದು, ದಿಯಾಸ್ ರಾಜೀನಾಮೆ ಕೊಟ್ಟು ಹಡಗು ಹತ್ತಿದ. ನಾಲ್ಕು ವರ್ಷಗಳ ಮೇಲೆ ಪ್ಯಾರಿಸಿನಲ್ಲಿ ಸತ್ತ.

ಮದೆರೊ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ನಮ್ಮ ಪ್ರಶ್ನೆ ಇಷ್ಟು ಕಠಿಣವಾಗುತ್ತಿರಲಿಲ್ಲ. ತನ್ನ ಕೂಲಿಗಳಿಗೆ ಶಾಲೆ ತೆರೆದವನು, ಹೋಮಿಯೋಪತಿ ಔಷಧಿ ಹಂಚಿದವನು, ಸಸ್ಯಾಹಾರಿ. ನಮಗೆ ಆಶ್ಚರ್ಯ ತರುವ ಸಂಗತಿಯೆಂದರೆ ಅವನು ಭಗವದ್ಗೀತೆಯ ಭಕ್ತ; ಗೀತೆಯ ಮೇಲೆ ಟಿಪ್ಪಣಿ ಬರೆದದ್ದಲ್ಲದೆ, ಆತ್ಮವಿದ್ಯೆಯನ್ನು ಕುರಿತ ತನ್ನ ಪುಸ್ತಕವೊಂದನ್ನು ‘ಭೀಮ’ ಎಂಬ ಕಾವ್ಯನಾಮದಲ್ಲಿ ಪ್ರಕಟಿಸಿದ. ಕುಳ್ಳಗಿನ, ಸೌಮ್ಯ ಸ್ವಭಾವದ ಆ ಮನುಷ್ಯ ತನಗೆ ಭೀಮನ ಹೆಸರನ್ನು ಏಕೆ ಆರಿಸಿಕೊಂಡನೋ!

1911ರ ಜೂನ್ ತಿಂಗಳಲ್ಲಿ ರಾಜಧಾನಿಯಲ್ಲಿ ಮದೆರೊ ಮತ್ತು ಝಪಾಟಾ ಭೇಟಿಯಾದರು. ಆಯುಧಗಳನ್ನು ಒಪ್ಪಿಸಿ, ಭೂಮಿಯ ವಿಷಯವನ್ನು ಕಾನೂನಿಗೆ ಬಿಡಿ ಎಂದು ಮದೆರೊ ಹೇಳಿದ. ಆಗ ನಡೆದುದನ್ನು ಝಪಾಟಾನ ಸಂಗಡಿಗ ಹಿಲ್ದಾರ್ದೊ ಮಗಾನ್ಯಾ ಬರೆದಿಟ್ಟಿದ್ದಾನೆ. ಝಪಾಟಾ ಕೈಯಲ್ಲಿ ಬಂದೂಕು ಹಿಡಿದೇ ಎದ್ದು ಬಂದು, ಮದೆರೊನ ಎದೆಯ ಮೇಲಿದ್ದ ಚಿನ್ನದ ಗಡಿಯಾರದ ಸರಪಳಿಯನ್ನು ತೋರಿಸಿ ಕೇಳಿದನಂತೆ: ಈಗ ನನ್ನ ಬಳಿ ಬಂದೂಕಿದೆ, ಈ ಗಡಿಯಾರವನ್ನು ಕಿತ್ತುಕೊಂಡೆ ಎಂದಿಟ್ಟುಕೊಳ್ಳಿ, ಮುಂದೆ ನಾವಿಬ್ಬರೂ ಆಯುಧಪಾಣಿಗಳಾಗಿ ಎದುರಾದರೆ ಅದನ್ನು ಹಿಂದಕ್ಕೆ ಕೇಳುವ ಹಕ್ಕು ನಿಮಗುಂಟೋ ಇಲ್ಲವೋ? ಉಂಟು, ನಷ್ಟಪರಿಹಾರವನ್ನೂ ಕೇಳುವೆ ಎಂದ ಮದೆರೊ. ಮೊರೆಲೋಸಿನಲ್ಲಿ ಆಗಿರುವುದು ಅದೇ ಎಂದ ಝಪಾಟಾ. ಅವನ ಸೇವೆಗೆ ಪ್ರತಿಯಾಗಿ ಒಂದು ಒಳ್ಳೆಯ ಜಮೀನನ್ನು ಕೊಡಿಸುವೆನೆಂದು ಮದೆರೊ ಹೇಳಿದಾಗ ಝಪಾಟಾ ಸಿಟ್ಟಿನಿಂದ ನಿರಾಕರಿಸಿದನೆಂದೂ ಹೇಳುತ್ತಾರೆ.

ಮದೆರೊನ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡುವುದು ನ್ಯಾಯ. ಬಂದೂಕಿದ್ದವನು ಭೂಮಿ ಹಿಡಿಯಬಹುದೆಂದಾದರೆ ಕಡೆಗೆ ಭೂಮಿ ಸಿಗುವುದು ಬಡವನಿಗಲ್ಲ, ಹೆಚ್ಚು ಬಂದೂಕು ಇದ್ದವನಿಗೆ. ಕಾನೂನೊಂದೇ ದುರ್ಬಲನ ಆಸರೆ. ಒಬ್ಬ ಸರ್ವಾಧಿಕಾರಿಯನ್ನು ಇಳಿಸಿ ಊರಿಗೊಬ್ಬ ಸರ್ವಾಧಿಕಾರಿಯನ್ನು ಏರಿಸುವುದಾದರೆ ಕ್ರಾಂತಿ ಏತಕ್ಕೆ? ಈ ವಾದ ಹಗುರವಾದುದಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ನಾಯಕರಲ್ಲಿ ಎಷ್ಟೋ ಮಂದಿ ಇದೇ ಮಾತನ್ನು ಪ್ರಾಮಾಣಿಕವಾಗಿ ಆಡಿದ್ದಾರೆ.

ಆದರೂ ಈ ವಾದದಲ್ಲಿ ಒಂದು ಎಡವಟ್ಟಿದೆ. ನಮ್ಮ ಕೋರ್ಟುಗಳಲ್ಲಿ ‘ಯಥಾಸ್ಥಿತಿ’ ಎಂಬ ಮಾತು ಬಳಕೆಯಲ್ಲಿದೆ. ತೀರ್ಪು ಬರುವವರೆಗೆ ಇದ್ದದ್ದು ಇದ್ದ ಹಾಗೆಯೇ ಇರಲಿ ಎಂದು ಅದರ ಅರ್ಥ. ಕೇಳಲು ಎಷ್ಟು ನಿಷ್ಪಕ್ಷಪಾತವಾಗಿದೆ! ಆದರೆ ಇದ್ದ ಹಾಗೆಯೇ ಇರುವುದೆಂದರೆ, ಹಿಡಿದುಕೊಂಡವನು ಪ್ರತಿ ವರ್ಷವೂ ಬೆಳೆ ಕೊಯ್ಯುತ್ತಾನೆ, ಕಳೆದುಕೊಂಡವನು ಪ್ರತಿ ವರ್ಷವೂ ಬದುವಿನ ಮೇಲೆ ನಿಂತು ನೋಡುತ್ತಾನೆ. ಹತ್ತು ವರ್ಷ ವ್ಯಾಜ್ಯ ನಡೆದರೆ ಒಬ್ಬನಿಗೆ ಹತ್ತು ಬೆಳೆ, ಇನ್ನೊಬ್ಬನಿಗೆ ಹತ್ತು ಬರಗಾಲ. ಧಣಿಗೆ ಕಾಯುವುದೆಂದರೆ ವಕೀಲರ ಫೀಸು. ರೈತನಿಗೆ ಕಾಯುವುದೆಂದರೆ ಮಕ್ಕಳ ಹಸಿವು. ಕಾಲವೂ ಒಂದು ಆಸ್ತಿ, ಅದೂ ಉಳ್ಳವರ ಬಳಿಯೇ ಹೆಚ್ಚಾಗಿರುತ್ತದೆ. ಮದೆರೊ ಕಾನೂನನ್ನು ನಂಬಿದ್ದು ಸರಿ. ಕಾನೂನು ಯೋಚಿಸಲು ತೆಗೆದುಕೊಳ್ಳುವ ಕಾಲದ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂಬುದನ್ನು ಅವನು ಯೋಚಿಸಲಿಲ್ಲ. 1912ರ ಜೂನಿನಲ್ಲಿ ಪತ್ರಿಕೆಯೊಂದಕ್ಕೆ ಬರೆದ ಕಾಗದದಲ್ಲಿ, ದೊಡ್ಡ ಜಮೀನುಗಳನ್ನು ಹಂಚುವೆನೆಂದು ತಾನು ಎಂದೂ ಮಾತು ಕೊಟ್ಟಿಲ್ಲವೆಂದು ಅವನು ಸ್ಪಷ್ಟಪಡಿಸಿದ.

ಅಷ್ಟರೊಳಗೆ ಸಂಬಂಧ ಮುರಿದುಬಿದ್ದಿತ್ತು. ನಡುವಣ ಸರಕಾರ 1911ರ ಆಗಸ್ಟಿನಲ್ಲಿಯೇ ಜನರಲ್ ಹುಯೆರ್ತಾನ ಸೈನ್ಯವನ್ನು ಮೊರೆಲೋಸಿಗೆ ಅಟ್ಟಿತ್ತು. ಮದೆರೊ ಅಧ್ಯಕ್ಷನಾದ ತಿಂಗಳೊಳಗೆ, 1911ರ ನವೆಂಬರ್ ಕೊನೆಯಲ್ಲಿ, ಝಪಾಟಾನ ಕಡೆಯವರು ಬೆಟ್ಟದ ಮೇಲೆ ಸೇರಿ ‘ಅಯಾಲಾ ಯೋಜನೆ’ಗೆ ಸಹಿ ಹಾಕಿದರು. ಅದನ್ನು ಬರೆಯುವುದರಲ್ಲಿ ಮುಖ್ಯ ಪಾತ್ರ ವಹಿಸಿದವನು ಒತಿಲಿಯೊ ಮೊಂತಾನ್ಯೊ ಎಂಬ ಹಳ್ಳಿಯ ಮೇಷ್ಟರು. ಭಾಷೆ ಒರಟು, ಬೈಗುಳವೂ ಉಂಟು. ಆದರೆ ಅದರ ಆರನೆಯ ಕಲಮನ್ನು ನಾವು ನ್ಯಾಯಚಿಂತನೆಯ ಒಂದು ಅಪೂರ್ವ ಕಾಣಿಕೆಯೆಂದೇ ಎಣಿಸುತ್ತೇವೆ. ಹಕ್ಕುಪತ್ರವುಳ್ಳ ಹಳ್ಳಿಗರು ತಮ್ಮ ಭೂಮಿಯನ್ನು ಈ ಕ್ಷಣದಿಂದಲೇ ಅನುಭವಕ್ಕೆ ತೆಗೆದುಕೊಳ್ಳತಕ್ಕದ್ದು. ಅದು ತಮ್ಮದೆನ್ನುವ ಜಮೀನ್ದಾರರು ಕ್ರಾಂತಿ ಗೆದ್ದ ಮೇಲೆ ಏರ್ಪಡುವ ವಿಶೇಷ ನ್ಯಾಯಮಂಡಲಿಗಳ ಮುಂದೆ ಹೋಗಿ ಸಾಧಿಸಿಕೊಳ್ಳಲಿ, ಎಂಬುದು ಅದರ ತಾತ್ಪರ್ಯ.

ಗಮನಿಸಿ: ಇಲ್ಲಿ ನ್ಯಾಯಾಲಯವನ್ನು ಸುಟ್ಟುಹಾಕಿಲ್ಲ, ಕಾಗದಪತ್ರಗಳನ್ನು ಹರಿದೆಸೆದಿಲ್ಲ. ಏಳನೆಯ ಕಲಮಿನಲ್ಲಿ ದೊಡ್ಡ ಜಮೀನ್ದಾರಿಗಳ ಮೂರನೆಯ ಒಂದು ಭಾಗವನ್ನು ಪರಿಹಾರ ಕೊಟ್ಟೇ ತೆಗೆದುಕೊಳ್ಳಬೇಕೆಂದಿದೆ. ಬದಲಾಗಿರುವುದು ಒಂದೇ, ಬದುವಿನ ಮೇಲೆ ನಿಂತು ಕಾಯುವವರು ಯಾರೆಂಬುದು. ಇಷ್ಟು ದಿನ ರೈತ ಕಾದ. ಇನ್ನು ಕಾಯುವ ಶಕ್ತಿಯುಳ್ಳವನು ಕಾಯಲಿ. ಎಂಟನೆಯ ಕಲಮು ಮಾತ್ರ, ಯೋಜನೆಯನ್ನು ವಿರೋಧಿಸುವ ಜಮೀನ್ದಾರರ ಆಸ್ತಿಯನ್ನೆಲ್ಲ ವಶಪಡಿಸಿಕೊಳ್ಳುವ ಬೆದರಿಕೆ ಹಾಕುತ್ತದೆ. ಅದು ಯುದ್ಧದ ಮಾತು. ಅದನ್ನು ಸಮರ್ಥಿಸುವ ಹುಮ್ಮಸ್ಸು ನಮಗಿಲ್ಲ.

ಯುದ್ಧವಂತೂ ಹೊಟ್ಟೆಬಿರಿಯುವಂತೆ ನಡೆಯಿತು. 1913ರ ಫೆಬ್ರವರಿಯಲ್ಲಿ, ಮದೆರೊ ನಂಬಿದ್ದ ಅದೇ ಹುಯೆರ್ತಾ ಅವನನ್ನು ಉರುಳಿಸಿದ. ಸೆರೆಯಲ್ಲಿದ್ದ ಮದೆರೊನನ್ನು ಕೊಂದರು. ಕಾನೂನನ್ನು ನಂಬಿದವನೂ ಆಯುಧವನ್ನು ನಂಬಿದವನೂ ಪರಸ್ಪರ ಬೇರೆಯಾಗದೆ ಇದ್ದಿದ್ದರೆ ಹುಯೆರ್ತಾನಂಥವನಿಗೆ ಎಡೆ ಸಿಗುತ್ತಿತ್ತೇ ಎಂದು ನಮಗೆ ಅನ್ನಿಸುವುದುಂಟು. ಅವನೂ 1914ರಲ್ಲಿ ಓಡಿಹೋದ. ಆಮೇಲೆ ಗೆದ್ದವರೇ ತಮ್ಮೊಳಗೆ ಕಾದಾಡಿದರು. 1910ರಲ್ಲಿ ಮೊರೆಲೋಸಿನ ಜನಸಂಖ್ಯೆ ಸುಮಾರು 1,80,000 ಇತ್ತು. 1921ರಲ್ಲಿ ಉಳಿದವರು ಸುಮಾರು 1,03,000. ಗುಂಡು, ಹಸಿವು, ರೋಗ, ಗುಳೇ ಎಲ್ಲವೂ ಈ ಲೆಕ್ಕದಲ್ಲಿ ಸೇರಿವೆ. ಕಾಯಲಾರೆನೆಂದವರು ತೆತ್ತ ಬೆಲೆ ಇದು. ಭೂಮಿಗಾಗಿ ನಡೆದ ಹೋರಾಟಗಳನ್ನು ದೂರದಿಂದ ಕೊಂಡಾಡುವ ನಮ್ಮಂಥವರು ಈ ಎರಡು ಅಂಕೆಗಳನ್ನು ಒಮ್ಮೆ ನಿಧಾನವಾಗಿ ಓದಬೇಕು.

ಈ ರಕ್ತಪಾತದ ನಡುವೆ 1915ರಲ್ಲಿ ಮೊರೆಲೋಸಿಗೆ ಸ್ವಲ್ಪ ಕಾಲ ಬಿಡುವು ಸಿಕ್ಕಿತು. ಆಗ ಕೃಷಿಶಾಲೆಯ ತರುಣರು ಅಳತೆಯ ಸಲಕರಣೆ ಹಿಡಿದು ಬಂದರು. ಹಳ್ಳಿಗಳ ಗಡಿಯನ್ನು ಗುರುತಿಸುವಾಗ ಝಪಾಟಾ ಅವರಿಗೆ ಹೇಳಿದ ಮಾತು ಸೊಗಸಾಗಿದೆ: ನಿಮ್ಮಂಥ ಇಂಜಿನಿಯರುಗಳಿಗೆ ನೇರವಾದ ಗೆರೆಯೆಂದರೆ ಪ್ರೀತಿ, ಆದರೆ ಈ ಕಲ್ಲುಕಟ್ಟೆಯೇ ಗಡಿಯೆಂದು ಹಳ್ಳಿಯವರು ಹೇಳುತ್ತಾರೆ, ಅದರ ಅಂಕುಡೊಂಕನ್ನೆಲ್ಲ ಅಳೆಯಲು ಆರು ತಿಂಗಳಾದರೂ ಸರಿ, ಗೆರೆ ಅದರ ಮೇಲೆಯೇ ಹೋಗಲಿ ಎಂದನಂತೆ. ದಿಯಾಸನ ಕಂಪನಿಗಳು ಭೂಮಿಯನ್ನು ಅಳೆದದ್ದಕ್ಕೂ ಇದಕ್ಕೂ ಎಷ್ಟು ಅಂತರ! ಕಾಯಲು ಒಪ್ಪದ ಮನುಷ್ಯ ಇಲ್ಲಿ ಆರು ತಿಂಗಳು ಕಾಯಲು ತಯಾರಿದ್ದಾನೆ. ಏಕೆಂದರೆ ಈಗ ಹೊಲದೊಳಗೆ ರೈತನಿದ್ದಾನೆ. (ವಾರ್ಧಾದ ಕ್ರಾಂತಿಕಾರಿ ಪಾಂಡುರಂಗ ಖಾನಖೋಜೆಯವರು ಮುಂದೆ 1920ರ ದಶಕದಲ್ಲಿ ಮೆಕ್ಸಿಕೊ ಸೇರಿ, ಅಲ್ಲಿನ ರಾಷ್ಟ್ರೀಯ ಕೃಷಿಶಾಲೆಯಲ್ಲಿ ಪಾಠ ಹೇಳಿ, ರೈತರಿಗಾಗಿ ಉಚಿತ ಕೃಷಿಶಾಲೆಗಳನ್ನು ನಡೆಸಿದರು. ಮಹಾರಾಷ್ಟ್ರದಲ್ಲಿ ನೆಲಸಿದ ನಮ್ಮವರಿಗೂ ಈ ಹೆಸರು ಅಷ್ಟಾಗಿ ಪರಿಚಯವಿಲ್ಲ.)

1919ರ ಏಪ್ರಿಲ್ 10ರಂದು ಚಿನಾಮೆಕಾ ಎಂಬಲ್ಲಿ ಝಪಾಟಾನನ್ನು ಮೋಸದಿಂದ ಕರೆಸಿ ಗುಂಡಿಟ್ಟು ಕೊಂದರು. ಆದರೆ ಅವನ ಬೇಡಿಕೆ ಸಾಯಲಿಲ್ಲ. 1917ರ ಸಂವಿಧಾನದ 27ನೆಯ ಕಲಮು, ಭೂಮಿ ಮೂಲತಃ ರಾಷ್ಟ್ರದ್ದೆಂದು ಸಾರಿ, ಹಂಚಿಕೆಗೆ ಬಾಗಿಲು ತೆರೆದಿತ್ತು. 1934ರಿಂದ 1940ರವರೆಗೆ ಅಧ್ಯಕ್ಷನಾಗಿದ್ದ ಲಾಸಾರೊ ಕಾರ್ದೆನಾಸ್ ಸುಮಾರು 180 ಲಕ್ಷ ಹೆಕ್ಟೇರ್ ಭೂಮಿಯನ್ನು ಹಳ್ಳಿಗಳಿಗೆ ‘ಎಹಿದೊ’ ಎಂಬ ಸಾಮೂಹಿಕ ಹಕ್ಕಿನ ರೂಪದಲ್ಲಿ ಹಂಚಿದ. ಪ್ರಾಮಾಣಿಕ, ಜನಪ್ರಿಯ ನಾಯಕ. ಆದರೆ ಕತೆ ಇಲ್ಲಿ ಇನ್ನೊಂದು ತಿರುವು ಪಡೆಯಿತು. ಎಹಿದೊ ಭೂಮಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಸಾಲ ಬೇಕಾದರೆ ಸರಕಾರದ ಬ್ಯಾಂಕಿಗೇ ಹೋಗಬೇಕು. ರೈತಸಂಘಟನೆ ಆಳುವ ಪಕ್ಷದ ಅಂಗ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಬೀಜ, ನೀರು, ಸಾಲ ಎಲ್ಲದಕ್ಕೂ ಪಕ್ಷದ ಮುಖಂಡನ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು. 1929ರಲ್ಲಿ ಹುಟ್ಟಿ, ಆಮೇಲೆ ಹೆಸರು ಬದಲಿಸಿಕೊಂಡ ಆ ಪಕ್ಷ 2000ದವರೆಗೆ, 71 ವರ್ಷ, ಅಧ್ಯಕ್ಷಗಿರಿಯನ್ನು ಬಿಟ್ಟುಕೊಡಲಿಲ್ಲ. ದಿಯಾಸನದು 35 ವರ್ಷ! ಪೆರು ದೇಶದ ಸಾಹಿತಿ ಮಾರಿಯೊ ವರ್ಗಾಸ್ ಯೋಸಾ 1990ರಲ್ಲಿ ಇದನ್ನು ಪರಿಪೂರ್ಣ ಸರ್ವಾಧಿಕಾರವೆಂದು ಕರೆದ. ಭೂಮಿಯನ್ನು ಹಕ್ಕಾಗಿ ಪಡೆಯುವುದಕ್ಕೂ ಕೊಡುಗೆಯಾಗಿ ಪಡೆಯುವುದಕ್ಕೂ ಇರುವ ವ್ಯತ್ಯಾಸ ಇದು: ಕೊಡುಗೆ ಕೊಟ್ಟವನು ಪ್ರತಿ ಚುನಾವಣೆಯಲ್ಲೂ ನೆನಪು ಮಾಡಿಕೊಡುತ್ತಾನೆ.

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡುತ್ತದೆ. ಭೂಮಿ ಬೇಡುವ ಹಕ್ಕಿದ್ದುದು ಹಳ್ಳಿಗಳಿಗೆ. ಹಸಿಯೆಂಡಾದ ಒಳಗೇ ಗುಡಿಸಲು ಹಾಕಿಕೊಂಡು ತಲೆಮಾರುಗಳಿಂದ ದುಡಿದ ಖಾಯಂ ಕೂಲಿಗಳಿಗೆ 1934ರ ಭೂಸಂಹಿತೆ ಬರುವವರೆಗೆ ಆ ಅರ್ಜಿ ಹಾಕುವ ಅರ್ಹತೆಯೇ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ತುಳಿಸಿಕೊಂಡವನಿಗೆ ಕ್ರಾಂತಿಯೂ ‘ಕಾಯಪ್ಪಾ’ ಎಂದಿತು.

ಇಷ್ಟು ದೂರದ ದೇಶದ ಸುದ್ದಿ ನಮಗೇಕೆ ಎಂದು ಕೇಳುವವರು ನಮ್ಮಲ್ಲಿ ಇರಲಾರರು. ಹೊರನಾಡಿಗೆ ಬಂದ ಕನ್ನಡ ಕುಟುಂಬಗಳಲ್ಲಿ ಭೂಮಿಯ ಕಾನೂನು ತಟ್ಟದ ಮನೆ ಎಷ್ಟಿದ್ದೀತು? ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ವ್ಯಾಜ್ಯ ಶುರುವಾದದ್ದು ಕೊಳಗದಿಂದ. ಗೇಣಿ ಅಳೆಯುವ ಕೊಳಗ ದೊಡ್ಡದೆಂಬುದು ಅವರ ದೂರು. ಅಲ್ಲಿಯೂ ಅಳತೆಯದೇ ಮಾತು! ಎಚ್. ಗಣಪತಿಯಪ್ಪನವರ ನೇತೃತ್ವದಲ್ಲಿ ಅವರು ಗದ್ದೆಗಿಳಿದು ಜೈಲಿಗೆ ಹೋದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಬಂದೂಕಿರಲಿಲ್ಲ, ಅದು ನಮ್ಮ ಪುಣ್ಯ. ಆದರೆ ಅವರು ಕಾದದ್ದು ಎಷ್ಟು? 1961ರ ಭೂಸುಧಾರಣಾ ಕಾನೂನು ಜಾರಿಗೆ ಬಂದದ್ದು 1965ರ ಅಕ್ಟೋಬರಿನಲ್ಲಿ. ಅದಕ್ಕೆ ಹಲ್ಲು ಮೂಡಿದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಂದು. ಗೇಣಿ ಜಮೀನೆಲ್ಲ ಅಂದೇ ಸರಕಾರದಲ್ಲಿ ನಿಹಿತವಾಯಿತು. ಒಕ್ಕಲು ಉಳುತ್ತಲೇ ಇರಬೇಕು, ಧಣಿ ಬಂದು ಟ್ರಿಬ್ಯೂನಲ್ಲಿನ ಮುಂದೆ ತನ್ನ ಮಾತು ಹೇಳಬೇಕು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆ ನಿರ್ಬಂಧ ನಿಲ್ಲದೆಂದು ಸುಪ್ರೀಂ ಕೋರ್ಟು 1987ರಲ್ಲಿ ಹೇಳಿತು. ಕಾಯುವ ಪಾಳಿ ಇಲ್ಲಿಯೂ ತಿರುಗಿತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟ್ರಿಬ್ಯೂನಲ್ಲುಗಳು ಕೆಲಸ ಮಾಡಿದ ಆ ವರ್ಷಗಳಲ್ಲೇ ದೇಶದ ಮೇಲೆ ತುರ್ತುಪರಿಸ್ಥಿತಿ ಕವಿದಿತ್ತು ಎಂಬುದನ್ನೂ ಮರೆಯಲಾಗದು. ಬಾಯಿ ಕಟ್ಟಿದ ಕಾಲದಲ್ಲಿ ಬಂದ ನ್ಯಾಯವನ್ನು ನ್ಯಾಯವೆಂದು ಎಣಿಸಬೇಕೇ? ಉತ್ತರ ಸುಲಭವಲ್ಲ. ಆದರೆ ಈ ಕಾನೂನು ಚುನಾಯಿತ ವಿಧಾನಸಭೆಯಲ್ಲಿ ಅದಕ್ಕೆ ಮುಂಚೆಯೇ ಅಂಗೀಕಾರವಾದದ್ದು. ತುರ್ತುಪರಿಸ್ಥಿತಿ 1977ರ ಮಾರ್ಚಿನಲ್ಲಿ ಹೋಯಿತು. ಅರ್ಜಿ ಹಾಕುವ ಅವಧಿ 1979ರ ಜೂನ್ ಕೊನೆಯವರೆಗೂ ಇತ್ತು. ಜನ ಮತ ಚಲಾಯಿಸಿ ಸರಕಾರಗಳನ್ನು ಬದಲಿಸಿದರು. ಹೀಗೆ ಬಂದ ಭೂಮಿ ಮಾತ್ರ ಒಕ್ಕಲಿನ ಕೈಯಲ್ಲೇ ಉಳಿಯಿತು. ಮೆಕ್ಸಿಕೊದ ಎಹಿದೊದವನಿಗೆ ಈ ಭಾಗ್ಯವಿರಲಿಲ್ಲ.

ನಮ್ಮ ಸಂಘದ ಸಭೆಗಳಲ್ಲಿ ಒಂದೇ ಸಾಲಿನಲ್ಲಿ ಕೂರುವ ಇಬ್ಬರಲ್ಲಿ ಒಬ್ಬರ ತಂದೆ ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದವರು, ಇನ್ನೊಬ್ಬರ ತಂದೆ ಅದರಿಂದ ಭೂಮಿ ಕಳೆದುಕೊಂಡವರು ಆಗಿರಬಹುದು. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರೂ ಬ್ಯಾಂಕಿನಲ್ಲಿ ದುಡಿದವರೂ ಈ ವಿಷಯ ಬಂದಾಗ ಮಾತು ಬದಲಿಸುತ್ತಾರೆ. ಕಳೆದುಕೊಂಡವರೆಲ್ಲ ದೊಡ್ಡ ಧಣಿಗಳಾಗಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಮೂರು ಮುಡಿ ಗದ್ದೆಯ ಗೇಣಿಯಲ್ಲೇ ಒಲೆ ಉರಿಸುತ್ತಿದ್ದ ವಿಧವೆಗೆ ಆ ಕಾನೂನು ವಿನಾಯಿತಿ ಕೊಡಲಿಲ್ಲ. ಗೇಣಿಗೆ ಕೊಡುವ ಸ್ವಾತಂತ್ರ್ಯವನ್ನು ಸೈನಿಕರಿಗೂ ನಾವಿಕರಿಗೂ ಮಾತ್ರ ಉಳಿಸಿತು. ಅಂಥವರ ಪರಿಹಾರದ ಹಣ ಅಲ್ಪ, ಅದೂ ಕಂತಿನಲ್ಲಿ. ಕಾಯುವ ಶಕ್ತಿಯಿಲ್ಲದವಳನ್ನು ಕಾಯಿಸಿದ್ದು ಅನ್ಯಾಯವೇ. ಆದರೆ ಆ ಒಬ್ಬಳ ಕಣ್ಣೀರನ್ನು ಮುಂದಿಟ್ಟುಕೊಂಡು ನೂರು ಎಕರೆಯವರು ಅಳುವುದನ್ನು ನಾವು ಒಪ್ಪಲಾರೆವು.

ಇನ್ನು ಹಸಿಯೆಂಡಾದ ಖಾಯಂ ಕೂಲಿಯ ವಿಷಯ. 1974ರ ಕಾನೂನು ಗೇಣಿದಾರನಿಗೆ ಭೂಮಿ ಕೊಟ್ಟಿತು; ಗೇಣಿದಾರನ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವಳಿಗೆ, ಉಳುತ್ತಿದ್ದ ದಿನಗೂಲಿಯವನಿಗೆ ಕೊಡಲಿಲ್ಲ. ‘ಉಳುವವನೇ ಹೊಲದೊಡೆಯ’ ಎಂದು ನಾವು ಕೂಗಿದಾಗ ನಿಜವಾಗಿ ನೇಗಿಲು ಹಿಡಿದವನು ಎಷ್ಟೋ ಕಡೆ ದಲಿತನಾಗಿದ್ದ. ಅವನ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಈಗ ಧಣಿಯ ಮೊಮ್ಮಕ್ಕಳೂ ಒಕ್ಕಲಿನ ಮೊಮ್ಮಕ್ಕಳೂ ಮುಂಬಯಿ, ಪುಣೆ, ಬೆಂಗಳೂರು ಸೇರಿದ್ದಾರೆ. ಕರಾವಳಿಯಲ್ಲಿ ಗದ್ದೆಗಳು ಹಡಿಲು ಬಿದ್ದಿವೆ. ಯಾರಿಗಾದರೂ ಉಳಲು ಕೊಡೋಣವೆಂದರೆ ‘ಕೊಟ್ಟರೆ ಹೋಯಿತು’ ಎಂಬ ಐವತ್ತು ವರ್ಷದ ಹಳೆಯ ಹೆದರಿಕೆ ಎರಡೂ ಮನೆಗಳಲ್ಲಿದೆ. 2020ರಲ್ಲಿ ಕಾನೂನು ತಿದ್ದುಪಡಿಯಾಗಿ, ರೈತನಲ್ಲದವನೂ ಕೃಷಿಭೂಮಿ ಕೊಳ್ಳಬಹುದೆಂದಾದ ಮೇಲೆ ನಗರದ ಹಣಕ್ಕೆ ಬೇಲಿ ತೆರೆಯಿತು. ನಮ್ಮಲ್ಲಿ ಕೆಲವರು ಊರಿನಲ್ಲಿ ಒಂದು ತೋಟ ಮಾಡುವ ಯೋಚನೆಯಲ್ಲಿದ್ದಾರೆ. ಆ ತೋಟದ ಬದುವಿನಾಚೆ ಕೂಲಿಯವನ ಮಗ ನಿಂತಿದ್ದಾನೆ. ಬಿತ್ತನೆಯ ಕೆಲಸ ಅವನಿಗೆ ಗೊತ್ತು, ಮಳೆಗಾಲವೂ ಹತ್ತಿರ ಬಂದಿದೆ.